ಗೋಡೆಯಾಚೆಯ ಮಂಡಕ್ಕಿ

ದಾವಣಗೆರೆ
೧೪-೨-೧೯೬೧

ಚಿ. ಸೌ. ಕಮಲಕ್ಕನಿಗೆ ನಿಮ್ಮಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳಾಯಿತು. ಸಿಟ್ಟಾಗಬೇಡ ತಾಯಿ. ಹರಿಹರ ಇಲ್ಲೇ ಇದೆ, ಬಂದೇ ಬಿಡೋಣ ಅಂದುಕೊಳ್ಳುತ್ತಲೇ ದಿನ ಹೋದವು. ನಿಮ್ಮವ್ವ ಹೋದಮೇಲೆ "ಮಗಳಿಗೆ ಬರದ್ರೇನ್ರಿ?" ಅಂತ ನೆನಪಿಸುವವರೂ ಇಲ್ಲ.

ನಮ್ಮ ಮಂಡಕ್ಕಿ ಭಟ್ಟಿಯನ್ನು ಪಕ್ಕದ ಭಟ್ಟಿಯ ದುರುಗಣ್ಣ ಕ್ರಯಕ್ಕೆ ಕೇಳುತ್ತಿದ್ದಾನೆ. ಯುಗಾದಿಯೊಳಗೆ ಮಾತು ಕೊಡಬೇಕು. ಇಪ್ಪತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಇದ್ದವರು ನಾವು. ಅದೇ ಭತ್ತ, ಹುರಿಯಲು ನಿಮ್ಮೂರ ಹೊಳೆಯದೇ ಮರಳು, ಅಂಥದ್ದೇ ಒಲೆ. ಆದರೂ ಅಂಗಡಿಯವರು ಮೊದಲು ಅವನ ಬಾಗಿಲಿಗೆ ಹೋಗಿ, ಅಲ್ಲಿ ಮುಗಿದರೆ ನನ್ನಲ್ಲಿಗೆ ಬರುತ್ತಿದ್ದರು. ಕಾಲೇಜಿನಲ್ಲಿ ಮೇಷ್ಟ್ರು, "ದಿ ಸೀಕ್ರೆಟ್ ಆಫ್ ಸಕ್ಸೆಸ್ ಇನ್ ಟ್ರೇಡ್ ಈಸ್" ಅಂತ ವ್ಯಾಪಾರದ ಗುಟ್ಟೇನೋ ಬರೆಸಿದ್ದರು. ಮುಂದಿನದು ಎಷ್ಟು ತಿಣುಕಿದರೂ ನೆನಪಾಗಲೊಲ್ಲದು.

ಮೊನ್ನೆ ನಾಚಿಕೆ ಬಿಟ್ಟು ದುರುಗಣ್ಣನನ್ನೇ ಕೇಳಿದೆ, ನಿನ್ನ ಮಂಡಕ್ಕಿಯ ಗುಟ್ಟೇನೆಂದು.

"ನನಗೇನ್ ಗೊತ್ರಿ, ಬಿ.ಎ. ಓದಿದೋರು ನೀವು! ನಮ್ ಯಲ್ಲಕ್ಕನ್ನ ಕೇಳ್ರಿ. ಆಕಿ ಹೂಂ ಅನ್ನೋತನಕ ನಾನು ಒಲಿ ಹಚ್ಚಂಗಿಲ್ಲ" ಎಂದ.

ಯಲ್ಲಕ್ಕ ಅವನಲ್ಲಿ ಮಂಡಕ್ಕಿ ಹುರಿಯುವಾಕೆ. ಉಪ್ಪುನೀರು ಬೆರೆಸಿ ಒಣಹಾಕಿದ್ದ ಅಕ್ಕಿಯಲ್ಲಿ ನಾಲ್ಕು ಕಾಳು ಕಡಿದು ನೋಡಿದಳು. "ಕಟ್ ಅನ್ಬೇಕು ಯಜಮಾನ್ರೆ. ಮೆತ್ತಗೈತೆ. ಇವತ್ತು ಬ್ಯಾಡ, ಇನ್ನೊಂದ್ ಬಿಸ್ಲು ಕಾಣ್ಲಿ."

ಯಾರು ಕಲಿಸಿದರು ಅಂದೆ.

"ಚಂದ ಕೇಳ್ತೀರಲ್ರಿ! ನಿಮ್ಮನಿ ಅಮ್ಮಾರೇ. ನಿಮ್ ಹಿತ್ಲ ಗ್ವಾಡಿ ಮ್ಯಾಲಿಂದ ಬಗ್ಗಿ ಹೇಳ್ತಿದ್ರು."

ನಾನು ಗಡಿಯಾರ ನೋಡಿ ಒಲೆ ಹಚ್ಚಿಸುತ್ತಿದ್ದೆ, ಪಂಕ್ಚುಯಾಲಿಟಿ ಅಂತ. ನಿಮ್ಮವ್ವ ಬಿಸಿ ಮಂಡಕ್ಕಿಯನ್ನು ನಿನ್ನ ಲಂಗದ ಮಡಿಲಿಗೆ ಸುರಿಯುತ್ತಿದ್ದದ್ದು, ನೀನು ಕುಣಿಯುತ್ತಾ ತಿನ್ನುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಆ ಮಂಡಕ್ಕಿ ನಮ್ಮದಲ್ಲ, ಗೋಡೆಯಾಚೆಯಿಂದ ಬರುತ್ತಿತ್ತೆಂದು ಈಗ ಹೊಳೆಯುತ್ತಿದೆ. ನನಗೊಂದು ಮಾತು ಯಾಕೆ ಹೇಳಲಿಲ್ಲವೋ, ಗೊತ್ತಿಲ್ಲ.

ಭಟ್ಟಿ ದುರುಗಣ್ಣನಿಗೇ ಹೋಗಲಿ ಅನ್ನಿಸುತ್ತದೆ. ನಿನ್ನ ಒಪ್ಪಿಗೆ ಬೇಕು. ಅಳಿಯಂದಿರಿಗೆ ನಮಸ್ಕಾರ ಹೇಳು. ಕೂಸಿನ ನೆತ್ತಿಯ ಮೇಲೆ ನನ್ನ ಪರವಾಗಿ ಕೈಯಿಡು. ಹೊಟ್ಟೆ ತಣ್ಣಗಿರಲಿ ತಾಯಿ.

ಇಂತಿ ನಿಮ್ಮಪ್ಪ,
ಕೆಂಚವೀರಪ್ಪ

ತಾ.ಕ.: ಲಕೋಟೆ ಅಂಟಿಸಲು ಕೈ ಬರಲಿಲ್ಲ. "ಯಾಕೆ ಹೇಳಲಿಲ್ಲವೋ" ಅಂತ ಮೇಲೆ ಬರೆದದ್ದು ಸುಳ್ಳು. ಭಟ್ಟಿ ಶುರುವಾದ ವರ್ಷವೇ ನಿಮ್ಮವ್ವ ಹೇಳಿದ್ದಳು. ಅಂಗೈಯಲ್ಲಿ ಅಕ್ಕಿ ಹಿಡಿದು ಬಂದು, "ಇವತ್ತು ಬ್ಯಾಡ್ರಿ" ಅಂದಳು. ಆಳುಗಳೆದುರಿಗೆ ನಾನು, "ಬಿ.ಎ. ಓದಿದ್ದು ನಾನೋ ನೀನೋ?" ಅಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅಂಗೈಯ ಅಕ್ಕಿಯನ್ನು ಒಂದು ಕಾಳೂ ಬೀಳದಂತೆ ರಾಶಿಗೆ ವಾಪಸ್ಸು ಹಾಕಿ ಮನೆಯೊಳಗೆ ಹೋದವಳು, ಸಾಯುವತನಕ ನನ್ನ ಭಟ್ಟಿಯೊಳಗೆ ಕಾಲಿಡಲಿಲ್ಲ.