ನಿನ್ನೆ ಕರೆ ಕಟ್ಟಾದದ್ದು

ಅತ್ತೆಯವರಿಗೆ ನಮಸ್ಕಾರ,

ಚಿನ್ನಿಯ ಉಗುರು ಬೆಳೆದಿರಬೇಕು, ಮಲಗಿದ್ದಾಗ ಕತ್ತರಿಸಿಬಿಡಿ, ಇಲ್ಲವಾದರೆ ಮುಖ ಪರಚಿಕೊಳ್ಳುತ್ತಾಳೆ. ನನ್ನ ಚಿಂತೆ ಬೇಡ. ನಿದ್ದೆಯೊಂದು ಬರುತ್ತಿಲ್ಲ, ಅಷ್ಟೆ.

ನಿನ್ನೆ ಮಧ್ಯಾಹ್ನ ಫೋನು ಕಟ್ಟಾದದ್ದು ನೆಟ್‌ವರ್ಕಿನಿಂದಲ್ಲ. ಈ ಸೋಂಕು ಶುರುವಾದಾಗಿನಿಂದ ನಮ್ಮ ವಾರ್ಡಿನಲ್ಲಿ ಪ್ರತಿ ಹಾಸಿಗೆಯ ಪಕ್ಕದ ಯಂತ್ರವೂ ಒಂದೇ ಸಮನೆ ಕೂಗುತ್ತಿರುತ್ತದೆ. ಮೊದಮೊದಲು ಪ್ರತಿ ಕೂಗಿಗೂ ಎದ್ದುಬಿದ್ದು ಓಡುತ್ತಿದ್ದೆ. ಈಗ ರೋಗಿಯ ಮುಖ ನೋಡುವ ಮೊದಲೇ ನನ್ನ ಬೆರಳು ಗುಂಡಿ ಒತ್ತಿ ಸದ್ದಡಗಿಸಿರುತ್ತದೆ. ಇದುವರೆಗೆ ಯಾರಿಗೂ ಏನೂ ಆಗಿಲ್ಲ. ಹಾಗೆಂದು ನಂಬಿಕೊಂಡಿದ್ದೇನೆ.

ನಿನ್ನೆ ಚಿನ್ನಿ ಅಳತೊಡಗಿದಾಗ ಅದೇ ಬೆರಳು ಕರೆಯನ್ನು ನಿಲ್ಲಿಸಿತು. ನಾನು ಸುಮ್ಮನೆ ಊಟ ಮುಂದುವರಿಸಿದೆ. ತಟ್ಟೆ ತೊಳೆಯುವಾಗ ಹೊಳೆಯಿತು, ಅತ್ತದ್ದು ನನ್ನ ಮಗಳು ಎಂದು.

ಹಿರಿಯ ಸಿಸ್ಟರ್ ಹತ್ತಿರ ರಜೆ ಕೇಳಿದೆ. "ಹೋಗಮ್ಮ, ನೀನೂ ಹೋಗು, ಈ ಹಾಸಿಗೆಗಳನ್ನೆಲ್ಲ ನಾನೊಬ್ಬಳೇ ತಲೆ ಮೇಲೆ ಹೊತ್ಕೊಂಡು ಕೂರ್ತೀನಿ" ಎಂದರು. ಆಮೇಲೆ ನನ್ನ ಮುಖ ನೋಡಿ, ರಜೆ ಅರ್ಜಿಗೆ ಸಹಿ ಹಾಕಿದರು.

ಭಾನುವಾರ ಬರುತ್ತೇನೆ. "ಹೆತ್ತೋಳಿಗಿಂತ ನಾನೇ ವಾಸಿ" ಎಂದು ನೀವು ಎಷ್ಟು ಬೈದರೂ ಬೈಸಿಕೊಳ್ಳುತ್ತೇನೆ. ಒಂದು ಮಾತು ಮಾತ್ರ ನಡೆಸಿಕೊಡಿ. ಚಿನ್ನಿ ಅತ್ತರೆ ನೀವು ಓಡಿಬಂದು ಎತ್ತಿಕೊಳ್ಳಬೇಡಿ. ನಾನಾಗಿ ಏಳುತ್ತೇನೋ ಇಲ್ಲವೋ ನನಗೆ ಗೊತ್ತಾಗಬೇಕು.

ಆದರೆ ದೂರ ಹೋಗಬೇಡಿ ಅತ್ತೆ. ಬಾಗಿಲ ಹತ್ತಿರವೇ ಇರಿ.

ನಿಮ್ಮ ಸೊಸೆ