ನುಂಗಿ ಹೋದ ‘ಗೆ’

4 ಮಾರ್ಚ್ 2023, ಶನಿವಾರ

ಮತ್ತೆ ರೇಷ್ಮೆ ಸೀರೆ ಉಟ್ಟೆ, ಮತ್ತೆ ಬಿಚ್ಚಿ ಮಡಿಸಿಟ್ಟೆ. ಇವತ್ತು ನಮ್ರತಾಳ ಸೀಮಂತ. ಅಮೆರಿಕದ ಈ ಜರ್ಮನ್‌ಟೌನ್‌ನಲ್ಲಿ ನನಗಿರುವ ಒಬ್ಬಳೇ ಗೆಳತಿ. ನಮ್ಮ ಮನೆ ಬಾಗಿಲವರೆಗೆ ಹೋಗಿದ್ದೆ... ಕಣ್ಣ ಮುಂದೆ ಹಾಲ್ ತುಂಬ ಜನ, ಜನರ ತುಂಬ ಕಣ್ಣು. ಗಂಡ ಯಶವಂತ್ ಒಬ್ಬನೇ ಹೋದ.

ಬಂದು ವರದಿ ಒಪ್ಪಿಸಿದ. “ಜಯಾ ಆಂಟಿ ಕೇಳಿದ್ರು, ವಿದ್ಯಾವತಿ ಎಲ್ಲಪ್ಪಾ ಅಂತ. ಅವಳು ಬರೋಲ್ಲ ಆಂಟಿ ಅಂದೆ.”

“ಅಷ್ಟೇನಾ?”

“ಮತ್ತೇನ್ ಹೇಳ್ಲಿ? ನಮ್ರತಾ ಪಕ್ಕದಲ್ಲೇ ಕೂತಿದ್ಲು. ಮುಖ ಸಣ್ಣ ಮಾಡ್ಕೊಂಡ್ಲು.”

ಮಾಡಿಕೊಳ್ಳದೆ? ‘ಅವಳಿಗೆ ಬರೋಲ್ಲ’ ಅನ್ನಬೇಕಿತ್ತು, ಮಹಾನುಭಾವ! ಈಜು ಬರೋಲ್ಲ, ಸೈಕಲ್ ಬರೋಲ್ಲ ಅನ್ನುತ್ತೇವಲ್ಲ, ಹಾಗೆ. ನನಗೆ ಜನರ ನಡುವೆ ಇರಲು ಬರೋಲ್ಲ. ಒಂದು ‘ಗೆ’ ನುಂಗಿದ, ನನ್ನ ಕಷ್ಟ ಜಂಬವಾಯಿತು. ಚತುರ್ಥಿ ವಿಭಕ್ತಿ ಕೈಬಿಟ್ಟ ಚತುರ!

9 ಮಾರ್ಚ್

ನನ್ನ ಈ ಕಷ್ಟಕ್ಕೆ ಕಳೆದ ತಿಂಗಳು ಥೆರಪಿಸ್ಟ್ ವಿಡಿಯೋ ಕಾಲ್‌ನಲ್ಲಿ ಇಟ್ಟ ಹೆಸರು: ಅವಾಯ್ಡೆಂಟ್ ಪರ್ಸನಾಲಿಟಿ ಡಿಸಾರ್ಡರ್, ಜನರಿಂದ ತಪ್ಪಿಸಿಕೊಳ್ಳುವ ಮನೋವ್ಯಾಧಿ. ಜಾತಕದಲ್ಲಿ ಕುಜದೋಷ ಮಾತ್ರ ಅಂದುಕೊಂಡಿದ್ದೆ. ಇದು ನಿಜದೋಷ.

ಇವತ್ತು, ಇಲ್ಲಿನ ಕನ್ನಡದವರಿಗೆಲ್ಲ ಹಿರಿಯರಾದ ಜಯಾ ಆಂಟಿ ಯಶವಂತನ ಫೋನಿನ ಸ್ಪೀಕರ್‌ನಿಂದ ಪರಿಹಾರ ಕೊಟ್ಟರು. “ಸಂಕೋಚ ಯಾರಿಗಿಲ್ಲಮ್ಮ? ನಾಲ್ಕು ಜನರ ಜೊತೆ ಮಿಂಗಲ್ ಆಗು, ಎಲ್ಲಾ ಸರಿಹೋಗತ್ತೆ.”

ಮಿಂಗಲ್ ಅಂತೆ! ನಾನು ಆಗುವುದು ನುಂಗಲ್: ನಾಲ್ಕು ಜನ ಕಂಡರೆ ಮಾತೆಲ್ಲ ನುಂಗುತ್ತೇನೆ. ಆಸ್ತಮಾದವರಿಗೆ “ಚೆನ್ನಾಗಿ ಉಸಿರಾಡಮ್ಮ, ಸರಿಹೋಗತ್ತೆ” ಅನ್ನುತ್ತಾರೆಯೇ? ನನಗೆ ಜನ ಬೇಡ ಎಂದಲ್ಲ. ಬೇಕು, ಹೊಟ್ಟೆ ಹಸಿದಂತೆ ಬೇಕು. ಬೇಕಾದವರಿಗೇ ನಾನು ಬೇಡವಾದರೆ... ಆ ಭಯಕ್ಕೆ, ಅವರು ಬಿಡುವ ಮೊದಲೇ ನಾನು ಬಿಟ್ಟು ಬರುತ್ತೇನೆ.

ನಮ್ರತಾಗೆ ಟೈಪ್ ಮಾಡಿದೆ. ಅಳಿಸಿದೆ. ಅವಳಿಂದಲೂ ಸದ್ದಿಲ್ಲ.

16 ಮಾರ್ಚ್

ನಮ್ರತಾಳ ಗಂಡನಿಗೆ ಅಟ್ಲಾಂಟಾದಲ್ಲಿ ಹೊಸ ಕೆಲಸ. ಶನಿವಾರ ಅಲ್ಲೇ ಪಕ್ಕದ ನಾರ್‌ಕ್ರಾಸ್‌ಗೆ ಶಿಫ್ಟ್. ನನಗೆ ಗೊತ್ತಾದದ್ದು ಯಶವಂತನಿಂದ!

“ಸೀಮಂತದ ದಿನ ನಿಂಗೆ ಮೈಗ್ರೇನ್ ಇತ್ತು ಅಂತ ಅವಳಿಗೆ ನಾನೇ ಹೇಳ್ಬಿಡ್ತೀನಿ ಬಿಡು,” ಅಂದ.

“ಹೇಳ್ಬೇಡ.”

“ಮತ್ತೆ ನೀನು ಹೇಳ್ತೀಯಾ?”

ಮದುವೆಯಾದಾಗಿನಿಂದ ನನ್ನ ಮಾತೆಲ್ಲ ಇವನೇ ಆಡಿದ್ದಾನೆ, ಪ್ರೀತಿಯಿಂದ. ಬೈಯಲೂ ಆಗದ ಈ ಪ್ರೀತಿಯ ಮೇಲೇ ನನ್ನ ಸಿಟ್ಟು. ಅದಕ್ಕಿಂತ ಸಿಟ್ಟು, ಅದರ ಹಿಂದೆ ಹಾಯಾಗಿ ಅಡಗಿದ ನನ್ನ ಮೇಲೆ.

18 ಮಾರ್ಚ್, ಬೆಳಿಗ್ಗೆ

ನಮ್ರತಾಳ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟ್. ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದೆ. ಕಾರಿನಿಂದ ಇಳಿದಿಲ್ಲ. ಎದುರಿಗೇ ಟ್ರಕ್. ಸೋಫಾ ಹತ್ತಿತು, ಹಾಸಿಗೆ ಹತ್ತಿತು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಈ ಕಡೆ ನೋಡಿದಳು. ಬಗ್ಗಿ ಕೂತೆ. ಥೂ ನನ್ನ!

ಫೋನ್ ಗುಂಯ್ ಅಂತು. ಅವಳದೇ ಮೆಸೇಜ್: “ನಿನ್ ಕಾರ್ ನಂಗೆ ಗೊತ್ತಾಗಲ್ವೇನೇ? ನಾನೇನ್ ತಪ್ಪು ಮಾಡ್ದೆ ಅಂತ ಅದೊಂದು ಹೇಳ್ಬಿಟ್ಟು ಹೋಗು.”

ತಪ್ಪು? ಅವಳದ್ದಾ? ಅಂದರೆ ಇಷ್ಟು ದಿನ ಅವಳೂ ನನಗೆ ತಾನು ಬೇಡವಾದೆ ಅಂತ...

ಟ್ರಕ್ಕಿನ ಬಾಗಿಲು ಹಾಕಿದರು. ಟೈಪ್ ಮಾಡಿದರೆ ಮತ್ತೆ ಅಳಿಸುತ್ತೇನೆ. ಇಳಿದು, ‘ಗೆ’ ನುಂಗದೆ, ನನ್ನ ಬಾಯಿಂದಲೇ—