ಗಂಗಾಬಾಯಿಗೆ ಇಟ್ಟ ಎಡೆ

ಮೇಷ್ಟ್ರೇ,

ಮೊದಲು ‘ಪೂಜ್ಯ ಗುರುಗಳಿಗೆ’ ಅಂತಲೇ ಬರೆದೆ. ಬರೆದು ಹೊಡೆದು ಹಾಕಿದೆ. ನೀವು ಹೋದಾಗಿನಿಂದ, ಅಂದರೆ ಸುಮಾರು ಆರು ತಿಂಗಳಿಂದ, ನಿಮ್ಮ ಮೇಲೆ ಸಿಟ್ಟು ಹೊತ್ತುಕೊಂಡು ಓಡಾಡುತ್ತಿದ್ದೇನೆ. ಸತ್ತವರ ಜೊತೆ ಜಗಳ ಆಡುವುದು ಕಷ್ಟ, ಅವರು ಬಾಯಿಯೇ ಬಿಡುವುದಿಲ್ಲ. ಆದರೂ ಬರೆಯುವುದು ಕಲಿಸಿದವರು ನೀವೇ ಅಲ್ಲವೇ, ಅನುಭವಿಸಿ.

ಒಂಬತ್ತನೇ ಕ್ಲಾಸಿನಲ್ಲಿ ನಮ್ಮನ್ನೆಲ್ಲ ಚಿತ್ರ ಬರೆಸಲು ರಾಜಘಟ್ಟದ ದಿಬ್ಬಕ್ಕೆ ನಡೆಸಿಕೊಂಡು ಹೋದದ್ದು ನೆನಪಿದೆಯಾ? ಹಿಂದೆ ಅಲ್ಲಿ ಅಗೆದಾಗ ಬೌದ್ಧರ ಕಾಲದ ಕಟ್ಟಡ ಸಿಕ್ಕಿತ್ತು ಅಂತ ದಾರಿಯುದ್ದಕ್ಕೂ ಹೇಳಿದ್ದಿರಿ. ಹೋಗಿ ನೋಡಿದರೆ ಮಣ್ಣು, ಗಿಡಗಂಟಿ, ಒಂದಷ್ಟು ಹಳೇ ಇಟ್ಟಿಗೆ. ಕುಮಾರ ಬಾಯಿಬಿಟ್ಟು ಕೇಳಿಯೇಬಿಟ್ಟ: “ಇದ್ರಾಗೇನ್ ಸಾ ಐತೆ ಬರ್ಯಾಕೆ?” ನೀವು ನಕ್ಕು, “ಇಲ್ದೇ ಇರೋದನ್ನ ಬರೀರಪ್ಪಾ. ಇರೋದನ್ನ ಮೊಬೈಲೇ ಹಿಡ್ಕೊಳ್ಳುತ್ತೆ” ಅಂದಿರಿ. ನನಗೆ ಚಿತ್ರ ಬರುತ್ತಿರಲಿಲ್ಲ. ಒಂದು ಸೊಟ್ಟ ಇಟ್ಟಿಗೆ ಬರೆದು, ಅದರ ಕೆಳಗೆ ಎಂಟು ಸಾಲು ಗೀಚಿದೆ. ಇಟ್ಟಿಗೆ ಮಾಡುವವನ ಮಗಳೊಬ್ಬಳು ಹಸಿ ಇಟ್ಟಿಗೆಯ ಮೇಲೆ ಬೆರಳೊತ್ತಿ ಅಪ್ಪನಿಂದ ಏಟು ತಿಂದಳು. ಊರು ಹೋಯಿತು, ಅಪ್ಪ ಹೋದ, ಅವಳ ಬೆರಳು ಮಾತ್ರ ಉಳಿಯಿತು ಅಂತ. ನೀವು ಓದಿ, “ಹೂಂ, ಇಡು” ಅಂದಿರಿ. ನಿಮ್ಮ ಬಾಯಲ್ಲಿ ‘ಚೆನ್ನಾಗಿದೆ’ ಅನ್ನುವ ಮಾತು ನಾನು ಒಂದು ದಿನವೂ ಕೇಳಲಿಲ್ಲ.

ಅದೇ ಶನಿವಾರ ಅದನ್ನು ಬ್ಲಾಗಿಗೆ ಹಾಕಿದಿರಿ. ಸ್ಕೂಲಿನಲ್ಲಿದ್ದದ್ದು ಒಂದೇ ಕಂಪ್ಯೂಟರ್, ಅದರ ಮೇಲೆ ಹೆಡ್‌ಮಾಸ್ಟರ್ ಮನೆಯವರು ಹೊಲಿದುಕೊಟ್ಟ ಹೂವಿನ ಬಟ್ಟೆಯ ಮುಸುಕು. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ನಾವೆಲ್ಲ ಅದರ ಸುತ್ತ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಿಲ್ಲುತ್ತಿದ್ದೆವು. ಒಬ್ಬರ ಚಿತ್ರ ಹಾಕುವುದು, ಅದರ ಕೆಳಗೆ ಉಳಿದವರು ಪ್ರಶ್ನೆ ಬರೆಯುವುದು, ಬರೆದವನು ಉತ್ತರ ಕೊಡುವುದು. ಉಕ್ತಲೇಖನದಲ್ಲಿ ಸೊನ್ನೆಗೆಂದೇ ಹುಟ್ಟಿದವನಂತಿದ್ದ ಕುಮಾರ, ಡೇರಿ ಮುಂದೆ ಹಾಲಿನ ಕ್ಯಾನುಗಳ ಸಾಲು ಬರೆದಾಗ, “ಕ್ಯಾನ್ ಐತೆ, ಜನ ಎಲ್ಲೋ?” ಅಂತ ಹುಡುಗಿಯರು ಕೇಳಿದ್ದಕ್ಕೆ ಒಂದು ಪುಟ ಉತ್ತರ ಬರೆದನಲ್ಲ! ಜನ ಕ್ಯಾನಿಟ್ಟು ಟೀ ಕುಡಿಯಲು ಹೋಗಿದ್ದಾರೆ, ಯಾವ ಕ್ಯಾನು ಯಾರದು ಅಂತ ಅದರ ಮೈಮೇಲಿನ ಸೊಟ್ಟ ನೋಡಿದರೇ ಗೊತ್ತಾಗುತ್ತೆ ಅಂತ. ಕನ್ನಡ ಮೇಡಂ ಅದನ್ನು ಎರಡು ಸಲ ಓದಿದರು. “ನೋಟ್‌ಬುಕ್ಕನ್ನ ಕೆಂಪಿಂಕು ಓದುತ್ತೆ, ಇದನ್ನ ಲೋಕ ಓದುತ್ತೆ” ಅಂತ ನೀವು ಹೇಳುತ್ತಿದ್ದಿರಿ. ನಾವು ನಂಬಿದೆವು. ಯಾಕೆ ನಂಬಬಾರದಿತ್ತು?

ಮುಂದಿನ ಶನಿವಾರ ನನ್ನ ಇಟ್ಟಿಗೆಯ ಕೆಳಗೆ ಒಂದು ಕಾಮೆಂಟು ಬಂದಿತ್ತು. ‘ಭಾಳ ಛಲೋ ಬರದೀ ಮಗಳ. ಆ ಹುಡುಗಿ ಹೆಸರೇನು? ಆಕೀಗೊಂದು ಹೆಸರಿಟ್ಟು ಇನ್ನೊಮ್ಮೆ ಬರಿ.’ ಕೆಳಗೆ ಹೆಸರು: ಗಂಗಾಬಾಯಿ, ನಿವೃತ್ತ ಶಿಕ್ಷಕಿ, ಧಾರವಾಡ. ನಮ್ಮ ತಾಲ್ಲೂಕಿನಾಚೆ ನನ್ನನ್ನು ಓದಿದ ಮೊದಲನೇ ವ್ಯಕ್ತಿ. ನಾನು ಹೆಸರಿಟ್ಟು ಬರೆದೆ. ಅವರು ಮತ್ತೆ ಕೇಳಿದರು: ಆಕಿ ಅವ್ವ ಎಲ್ಲಿದ್ಲು? ಅದನ್ನೂ ಬರೆದೆ. ಹೀಗೇ ಎರಡು ವರ್ಷ. ನನ್ನ ಬರವಣಿಗೆ ಅಂತ ಏನಾದರೂ ಇದ್ದರೆ ಅದು ಆ ಹೆಂಗಸಿನ ಪ್ರಶ್ನೆಗಳಿಗೆ ಕೊಟ್ಟ ಉತ್ತರ.

ಹತ್ತನೇ ಕ್ಲಾಸಿನ ಚಳಿಗಾಲದಲ್ಲಿ ನಮ್ಮಪ್ಪ ಒಂದು ಚೀಲ ಸೊಗಡು ಅವರೆಕಾಯಿ ಹೊತ್ತು ಸ್ಕೂಲಿಗೆ ಬಂದದ್ದು ಮರೆತಿರಲಾರಿರಿ. “ಧಾರವಾಡ್ದಾಗೆ ಈ ಸೊಗಡು ಎಲ್ ಸಿಗ್ತದೆ ಮೇಷ್ಟ್ರೇ. ಆಯಮ್ಮಂಗೆ ಬಸ್ಸಿಗಾಕ್ಬುಡಿ, ನಮ್ ಉಡ್ಗಿ ಮನೇದು ಅಂತ ಯೋಳಿ” ಅಂದರು. ನೀವು ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ ಚೀಲವನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋದಿರಿ. ಮುಂದಿನ ವಾರ ಗಂಗಾಬಾಯಿ ಬರೆದಿದ್ದರು, ಕಾಳು ಬಿಡಿಸಿ ಬಿಡಿಸಿ ಕೈಯೆಲ್ಲ ಘಮಘಮ ಅಂತ. ಅಪ್ಪ ಆ ಸಾಲನ್ನು ಡೇರಿ ಮುಂದೆ ಕೂತವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಸೆಕೆಂಡ್ ಪಿಯುಸಿಯಲ್ಲಿ ಧಾರವಾಡದಲ್ಲೊಂದು ಪ್ರಬಂಧ ಸ್ಪರ್ಧೆಗೆ ನನ್ನ ಹೆಸರು ಬಂತು. ಕುಣಿದುಕೊಂಡು ನಿಮಗೆ ಫೋನ್ ಮಾಡಿ ಗಂಗಾಬಾಯಿಯವರ ವಿಳಾಸ ಕೇಳಿದೆ. “ನೋಡ್ತೀನಮ್ಮ” ಅಂದಿರಿ. ಎರಡು ದಿನ ಬಿಟ್ಟು ನೀವೇ ಫೋನ್ ಮಾಡಿದಿರಿ. “ಮಂಜುಳಾ, ಹೋಗ್ಬಿಟ್ರಂತೆ ಕಣಮ್ಮ. ಹೋದ ತಿಂಗ್ಳೇ ಅಂತೆ. ನಂಗೂ ಈಗ್ಲೇ ಗೊತ್ತಾಗಿದ್ದು.” ನಾನು ಸ್ಪರ್ಧೆಗೆ ಹೋಗಲಿಲ್ಲ. ಅಮ್ಮ ನನಗೆ ತಲೆಗೆ ನೀರು ಹಾಕಿಸಿ, ದೇವರ ಮನೆಯಲ್ಲಿ ದೀಪ ಹಚ್ಚಿದಳು. ಎಷ್ಟು ಅತ್ತೆ ಅಂತ ನಿಮಗೆ ಗೊತ್ತಿತ್ತು, ಸಮಾಧಾನ ಮಾಡಲು ಮನೆಗೇ ಬಂದಿದ್ದಿರಿ.

ಆ ವರ್ಷದ ಪಿತೃಪಕ್ಷದಲ್ಲಿ ಅಮ್ಮ ನಮ್ಮ ಹಿರಿಯರ ಎಡೆಗಳ ಪಕ್ಕ ಇನ್ನೊಂದು ಎಲೆ ಹಾಕಿದಳು. “ಮಗೀಗೆ ವಿದ್ಯೆ ಕೊಟ್ಟೋರು, ಅವ್ರಿಗೆ ಎಡೆ ಇಡೋರು ಯಾರವ್ರೋ ಏನೋ” ಅಂದಳು. ಧಾರವಾಡದ ಬಾಯಿ ಅಂದರೆ ಮಾಂಸ ತಿನ್ನದವರಿರಬಹುದು ಅಂತ, ಆ ಎಲೆಗೆ ಬೇರೆ ಒಲೆ, ಬೇರೆ ಪಾತ್ರೆ. ವಡೆ, ಪಾಯಸ, ಒಂದು ರವಿಕೆ ಕಣ. ವರ್ಷ ವರ್ಷವೂ ಹೀಗೆಯೇ ನಡೆಯಿತು. ಒಂದು ವರ್ಷ ಅಪ್ಪ ನಿಮ್ಮನ್ನೂ ಊಟಕ್ಕೆ ಕರೆದರು. ನೀವು ಬಂದಿರಿ. ಎಡೆಯ ಮುಂದೆ ನಿಂತು ಅಮ್ಮ, “ಇದು ನಿಮ್ ಗಂಗಾಬಾಯಮ್ಮಂಗೆ” ಅಂದಾಗ ಕೈ ಮುಗಿದಿರಿ. ಆಮೇಲೆ ಕೂತು ಊಟ ಮಾಡಿದಿರಿ. ಪಾಯಸ ಎರಡನೇ ಸಲ ಹಾಕಿಸಿಕೊಂಡಿರಿ. ಗಂಟಲಲ್ಲಿ ಹೇಗೆ ಇಳಿಯಿತು ಮೇಷ್ಟ್ರೇ?

ನಿಮ್ಮ ಹನ್ನೊಂದನೇ ದಿನದ ಕಾರ್ಯಕ್ಕೆ ಬಂದಾಗ ನಿಮ್ಮ ಮನೆಯವರು ಜಯಕ್ಕ ನನ್ನ ಕೈಗೆ ಒಂದು ನೋಟ್‌ಬುಕ್ ಕೊಟ್ಟರು. “ಬ್ಲಾಗು ಬ್ಲಾಗು ಅಂತಿದ್ರಲ್ಲ, ಪಾಸ್‌ವರ್ಡು ಇದ್ರಲ್ಲೈತಂತೆ. ನಿಂಗೇ ಕೊಡ್ಬೇಕು ಅಂತ ಆಸ್ಪತ್ರೇಲಿ ಹೇಳಿದ್ರು.” ಬಸ್ಸಿನಲ್ಲಿ ತೆರೆದೆ. ಮೊದಲ ಪುಟದಲ್ಲಿ ಎರಡು ಇಮೇಲು, ಎರಡು ಪಾಸ್‌ವರ್ಡು. ಒಂದು ನಿಮ್ಮದು. ಇನ್ನೊಂದು ಗಂಗಾಬಾಯಿಯದು. ಒಳಗೆ ಪುಟಗಟ್ಟಲೆ ನಿಮ್ಮ ಕೈಬರಹ. ‘ತುಂಬಾ ಚೆನ್ನಾಗಿ ಬರೆದಿದ್ದೀಯ ಮಗಳೇ’ ಅಂತ ಬರೆದು, ಹೊಡೆದು, ಮೇಲೆ ‘ಭಾಳ ಛಲೋ ಬರದೀ ಮಗಳ’. ‘ಅವಳ ತಾಯಿ’ ಹೊಡೆದು ‘ಆಕಿ ಅವ್ವ’. ಎಷ್ಟು ಕಷ್ಟಪಟ್ಟಿದ್ದೀರಿ! ಮಾರನೆಯ ದಿನ ಜಯಕ್ಕನಿಗೆ ಫೋನ್ ಮಾಡಿ ಅವರೆಕಾಯಿಯ ವಿಷಯ ಕೇಳಿದೆ. ಪಾಪ, ಅವರಿಗೇನು ಗೊತ್ತು. “ಅಯ್ಯೋ ಅದಾ? ಆ ವರ್ಷ ಹದಿನೈದು ದಿನ ನಮ್ಮನೇಲಿ ಅವರೆಕಾಳು ಸಾರೇ ಕಣೇ. ಯಾರೋ ಸ್ಟೂಡೆಂಟ್ ಅಪ್ಪ ಕೊಟ್ರು ಅಂದಿದ್ರು” ಅಂದರು. ನಗಬೇಕೋ ಅಳಬೇಕೋ ತಿಳಿಯದೆ ಫೋನ್ ಇಟ್ಟೆ.

ಇಲ್ಲದವರನ್ನು ಹುಟ್ಟಿಸಿದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ. ಅವರನ್ನು ಕೊಂದಿರಲ್ಲ, ಅದಕ್ಕೆ. ನಾನು ಅಳುತ್ತಿರುವಾಗ ಎದುರು ಕೂತು ಟೀ ಕುಡಿದಿರಲ್ಲ, ಅದಕ್ಕೆ. ‘ನಾನೇ ಕಣಮ್ಮ’ ಅಂತ ಒಂದು ಮಾತು ಅಂದಿದ್ದರೆ ನಾನೇನು ಬರೆಯುವುದು ಬಿಡುತ್ತಿದ್ದೆನೇ? ನೋಟ್‌ಬುಕ್ ನನಗೇ ಕೊಡಿ ಅಂದಿರಂತೆ. ಅಂದರೆ ಗೊತ್ತಾಗಲಿ ಅಂತಲೇ ಇಟ್ಟುಹೋದಿರಿ. ನನ್ನ ಮುಖ ನೋಡುವ ಕಷ್ಟ ನಿಮಗೆ ಬೇಡ, ನಿಮ್ಮ ಕೈಬರಹ ನೋಡುವ ಕಷ್ಟ ಮಾತ್ರ ನನಗೆ ಇರಲಿ ಅಂತ. ಇದೆಂಥ ನ್ಯಾಯ?

ಹೋದ ವರ್ಷ ಶಿಕ್ಷಕರ ತರಬೇತಿಯೊಂದರಲ್ಲಿ ನಾನು ಎದ್ದು ನಿಂತು ಗಂಗಾಬಾಯಿಯ ಕತೆ ಹೇಳಿದ್ದೆ, ನೆನಪಿದೆಯಾ? ಮಗುವಿನ ಬರಹವನ್ನು ಎಲ್ಲೋ ದೂರದ ಒಬ್ಬರು ಓದುತ್ತಾರೆ ಅನ್ನುವುದೇ ಸಾಕು, ಮಗು ತಾನೇ ತಿದ್ದಿಕೊಳ್ಳುತ್ತದೆ, ತರಗತಿಗೊಂದು ಬ್ಲಾಗ್ ಮಾಡಿ ಅಂತ. ಚಪ್ಪಾಳೆ ಬಿತ್ತು. ಆಮೇಲೆ ಎಷ್ಟೋ ಜನ ಟೀಚರುಗಳು ಬ್ಲಾಗ್ ಮಾಡುವುದು ಹೇಗೆ ಅಂತ ನನ್ನನ್ನೇ ಕೇಳಿದರು. ನೀವು ಹಿಂದಿನ ಸಾಲಿನಲ್ಲೇ ಕೂತಿದ್ದಿರಿ, ನಾನೇ ಕರೆದಿದ್ದೆ. ನೀವೂ ಚಪ್ಪಾಳೆ ತಟ್ಟಿದಿರಿ…

ನೋಟ್‌ಬುಕ್ ಓದಿದ ಕೆಲವು ವಾರಕ್ಕೆ ನಾನು ನನ್ನ ಮಕ್ಕಳ ಬ್ಲಾಗನ್ನು ನಿಲ್ಲಿಸಿಬಿಟ್ಟೆ. ಚನ್ನರಾಯಪಟ್ಟಣ ಹೋಬಳಿಯ ಸ್ಕೂಲು ನನ್ನದು ಅಂತ ನಿಮಗೆ ಗೊತ್ತೇ ಇದೆ. ಕೈಗಾರಿಕೆಗೆ ಜಮೀನು ಹೋಗುತ್ತಂತೆ ಅಂತ ದೊಡ್ಡವರು ಧರಣಿ ಕೂತಿದ್ದ ದಿನಗಳಲ್ಲಿ, ಮಕ್ಕಳು ತಮ್ಮ ತಮ್ಮ ಹೊಲದ ಚಿತ್ರ ಬರೆದು, ಬದುವಿನ ಮೇಲಿನ ಒಂದೊಂದು ಮರಕ್ಕೂ ಹೆಸರು ಬರೆದಿದ್ದರು. ಆ ಬ್ಲಾಗು. ಐದನೇ ಕ್ಲಾಸಿನ ನಂದಿನಿ ದಿನಾ ಬೆಳಿಗ್ಗೆ ಕೇಳುತ್ತಿದ್ದಳು, “ಮಿಸ್, ನಮ್ ಉಣಸೇಮರ ಯಾರಾನ ಓದಿದ್ರಾ?” ಬ್ಲಾಗು ನಿಲ್ಲಿಸುವುದಕ್ಕೆ ಸ್ವಲ್ಪ ಮುಂಚೆ ಒಂದು ದಿನ, ಸುಳ್ಳು ಯಾಕೆ ಹೇಳಲಿ, ನನ್ನ ಬೆರಳೂ ತುರಿಸಿತು. ಹೊಸ ಹೆಸರೊಂದನ್ನು ಟೈಪ್ ಮಾಡಿದೆ. ಮೈಸೂರಿನ ಒಬ್ಬ ಅಜ್ಜ. ನಿಮ್ಮ ಗಾಳಿ ನನಗೂ ಬಡಿಯಿತಲ್ಲ ಅಂತ ಹೆದರಿ ಅಳಿಸಿದೆ. “ಯಾರೂ ಓದಿಲ್ಲ ಕಣೇ” ಅಂದೆ. ಅವಳು ಆ ವಾರ ಏನೂ ಬರೆಯಲಿಲ್ಲ. ನೀವು ಗೆದ್ದಿರಿ ಅಂತ ಅನಿಸಿ ಇನ್ನಷ್ಟು ಉರಿಯಿತು.

ಮೊನ್ನೆ ಪಕ್ಷದ ಸಾಮಾನು ಪಟ್ಟಿ ಬರೆಯುವಾಗ ಅಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಗಂಗಾಬಾಯಿ ಇರಲೇ ಇಲ್ಲ, ಅದೆಲ್ಲ ಮೇಷ್ಟ್ರೇ ಅಂತ. ಅಮ್ಮ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ನಿಮ್ಮನ್ನು ಬೈಯುತ್ತಾಳೆ ಅಂತ ಕಾದೆ. “ಅಲ್ಲಾ, ಇಷ್ಟ್ ವರ್ಸ ಬದ್ಕಿರೋರ್ಗೆ ಎಡೆ ಇಕ್ಬುಟ್ನಲ್ಲೇ! ಆಯಸ್ಸು ಕಮ್ಮಿ ಆಗಕ್ಕೆ ನಾನೇ ಕಾರಣಾನಾ?” ಅಂತ ಅಳತೊಡಗಿದಳು. ನೋಡಿದಿರಾ ಮೇಷ್ಟ್ರೇ? ನಿಮ್ಮ ಒಂದು ಸುಳ್ಳಿಗೆ ನಮ್ಮಮ್ಮ ತನ್ನನ್ನೇ ಅಪರಾಧಿ ಮಾಡಿಕೊಂಡಳು. ಅವಳನ್ನು ಸಮಾಧಾನ ಮಾಡಲು ನನಗೆ ಅರ್ಧ ದಿನ ಬೇಕಾಯಿತು. ಆವತ್ತೇ ತೀರ್ಮಾನಿಸಿದೆ, ನಿಮ್ಮ ಬ್ಲಾಗನ್ನು ಬುಡಸಮೇತ ಕಿತ್ತುಹಾಕುವುದು ಅಂತ.

ನೆನ್ನೆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು ಒಳಗೆ ಹೋದೆ. ಅಳಿಸುವ ಗುಂಡಿ ಹುಡುಕುತ್ತಿದ್ದಾಗ ಪಕ್ಕದಲ್ಲಿ ‘ಸ್ಪ್ಯಾಮ್’ ಅಂತ ಕಾಣಿಸಿತು. ಕಸ ಅಂತ ಅನುಮಾನ ಬಂದ ಕಾಮೆಂಟುಗಳನ್ನು ಬ್ಲಾಗು ತಾನಾಗಿಯೇ ಬಚ್ಚಿಡುವ ಜಾಗ. ನೀವು ಅದನ್ನು ಒಂದು ಸಲವೂ ತೆರೆದಿರಲಿಲ್ಲ. ಅಂಥದೊಂದು ಇದೆ ಅಂತ ನಿಮಗೆ ತಿಳಿದೇ ಇರಲಿಲ್ಲ ಅಂತ ಕಾಣುತ್ತದೆ. ತೆರೆದೆ.

ಸಾಲ ಕೊಡುತ್ತೇವೆ, ಲಾಟರಿ ಹೊಡೆದಿದೆ ಅನ್ನುವ ಕಸದ ನಡುವೆ, ಮೇಷ್ಟ್ರೇ, ಕನ್ನಡ. ಹಾಸನದ ಒಬ್ಬ ನರ್ಸು. ಶಿರಸಿಯ ಒಬ್ಬ ಡ್ರಾಯಿಂಗ್ ಟೀಚರು, ‘ನಿಮ್ಮ ಹಾಗೆ ನಾವೂ ಶುರು ಮಾಡಿದೆವು’ ಅಂತ. ಯಾರೋ ಒಬ್ಬರು ನಿಮ್ಮ ಗಂಗಾಬಾಯಿಯ ಜೊತೆಯೇ ಜಗಳಕ್ಕೆ ನಿಂತಿದ್ದಾರೆ: ‘ಬಾಯಿಯವರೇ, ಎಲ್ಲರಿಗೂ ಛಲೋ ಅಂತೀರಲ್ಲ, ಕುಮಾರನ ಎಮ್ಮೆಗೆ ಐದು ಕಾಲಿದೆ, ನೋಡಿದಿರಾ?’ ನನ್ನ ಇಟ್ಟಿಗೆಯ ಕೆಳಗೂ ಒಂದಿತ್ತು. ಗಂಗಾಬಾಯಿ ಹುಟ್ಟುವ ಎರಡು ದಿನ ಮುಂಚೆ ಬಂದದ್ದು. ‘ನಂದು ಇಟ್ಟಿಗೆ ಗೂಡು ಇದೆ. ಹಸಿ ಇಟ್ಟಿಗೆ ಮೇಲೆ ಮಕ್ಕಳ ಕೈ ಬಿದ್ರೆ ಎಸೀತಿದ್ದೆ. ಇದನ್ನ ಓದಿದ ಮೇಲೆ ಒಂದು ಎತ್ತಿಟ್ಟುಕೊಂಡಿದೀನಿ.’

ಅವರು ಬಂದಿದ್ದರು. ನೀವು ಹೇಳಿದ ಲೋಕ ಬಂದು, ಬಾಗಿಲು ತಟ್ಟಿ, ಹೊರಗೇ ನಿಂತಿತ್ತು. ಲೋಕ ಓದುತ್ತೆ ಅಂತ ನಮ್ಮನ್ನೆಲ್ಲ ನಂಬಿಸಿ, ನೀವೊಬ್ಬರೇ ನಂಬಲಿಲ್ಲ. ಕಾಯುವ, ಹುಡುಕಿ ನೋಡುವ ತಾಳ್ಮೆ ಇಲ್ಲದೆ, ಈ ಮಕ್ಕಳನ್ನು ಯಾರು ಓದುತ್ತಾರೆ ಅಂತ ನೀವೇ ತೀರ್ಮಾನ ಮಾಡಿಬಿಟ್ಟಿರಿ. ಗಂಗಾಬಾಯಿಗಿಂತ ದೊಡ್ಡ ಮೋಸ ಇದು, ಇದನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ.

ಆದರೆ ಬ್ಲಾಗ್ ಅಳಿಸಲಿಲ್ಲ. ಒಂದೊಂದೇ ಕಾಮೆಂಟನ್ನು ಆ ಕಸದಿಂದ ಎತ್ತಿ ಪ್ರಕಟಿಸಿದೆ. ಗೂಡಿನವರಿಗೆ ಇಷ್ಟು ವರ್ಷ ತಡವಾಗಿ ಉತ್ತರ ಬರೆದೆ, ಅವರು ನೋಡುತ್ತಾರೋ ಇಲ್ಲವೋ. ಎಮ್ಮೆಯ ಕಾಲಿನ ವಿಷಯ ಕುಮಾರನಿಗೆ ಫೋನ್ ಮಾಡಿ ಓದಿ ಹೇಳಿದೆ, “ಲೇ, ಅದು ಬಾಲ ಕಣೇ!” ಅಂತ ರೇಗಿದ. ನಾಳೆ ನಂದಿನಿಯ ಮರ ಮತ್ತೆ ಮೇಲೇರುತ್ತದೆ. ಅದರ ಕೆಳಗೆ ನಾನು ನನ್ನ ಹೆಸರಿನಲ್ಲೇ ಪ್ರಶ್ನೆ ಕೇಳುತ್ತೇನೆ, ಉಳಿದವರು ಬರುವವರೆಗೆ ಕಾಯುವುದನ್ನು ಅವಳ ಜೊತೆ ನಾನೂ ಕಲಿಯುತ್ತೇನೆ.

ಇನ್ನೊಂದು ಕೆಲಸ ಮಾಡಿದ್ದೇನೆ, ನಿಮ್ಮನ್ನು ಕೇಳದೆ. ಗಂಗಾಬಾಯಿಯ ಪಾಸ್‌ವರ್ಡು ಹಾಕಿ ಆ ಖಾತೆಯ ಹೆಸರು ಬದಲಾಯಿಸಿದೆ. ಒಂದು ಕಡೆ ಬದಲಾಯಿಸಿದರೆ ಹಳೆಯ ಕಾಮೆಂಟುಗಳಲ್ಲೆಲ್ಲ ತಾನಾಗಿಯೇ ಬದಲಾಗುತ್ತದಂತೆ, ನನಗೂ ಗೊತ್ತಿರಲಿಲ್ಲ. ಈಗ ಅಲ್ಲಿ ಹೋಗಿ ನೋಡಿದರೆ ‘ಭಾಳ ಛಲೋ ಬರದೀ ಮಗಳ’ ಅಂತ ಇದೆ. ಹೇಳಿದವರ ಹೆಸರು: ಶಿವಣ್ಣ, ಡ್ರಾಯಿಂಗ್ ಮೇಷ್ಟ್ರು, ದೊಡ್ಡಬಳ್ಳಾಪುರ.

ಮಂಜುಳ